ಕಚೇರಿಯ ಕಲಾಂಚೊ ಮತ್ತೆ ಹೂ ಬಿಡಲು

ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಹೂಕುಂಡಗಳನ್ನಿರಿಸುವ ರೂಢಿ ಬೆಳೆದಿದೆ. ನರ್ಸರಿಯಿಂದ ತಂದಾಗ ಕೆಂಪು, ಹಳದಿ, ಕಿತ್ತಳೆ ಬಣ್ಣದ ಗೊಂಚಲುಗಳಿಂದ ತುಂಬಿರುವ ಕಲಾಂಚೊ ಅವುಗಳಲ್ಲೊಂದು. ಹೂ ಬಾಡಿದ ಬಳಿಕ ದಪ್ಪ ಎಲೆಗಳಷ್ಟೇ ಉಳಿಯುತ್ತವೆ. ಮರುವರ್ಷ ಹೂ ಕಾಣದಿದ್ದಾಗ ಗೊಬ್ಬರ ಹಾಕಲಾಗುತ್ತದೆ, ನೀರು ಹೆಚ್ಚಿಸಲಾಗುತ್ತದೆ. ಕೊನೆಗೆ ಗಿಡವನ್ನೆಸೆದು ಹೊಸದನ್ನು ಖರೀದಿಸಲಾಗುತ್ತದೆ. ಗಿಡದಲ್ಲಿ ದೋಷವಿರುವುದಿಲ್ಲ. ಅನೇಕ ಸಂದರ್ಭಗಳಲ್ಲಿ ಅದಕ್ಕೆ ದೊರೆಯದೆ ಹೋದದ್ದು ಕತ್ತಲೆ.

ಮಡಗಾಸ್ಕರ್ ಮೂಲದ ಈ ಗಿಡವು ಹಿತ್ತಿಲ ಕಾಡುಬಸಳೆಯ ಹತ್ತಿರದ ಬಂಧು. ರಾತ್ರಿ ದೀರ್ಘವಾಗಿರುವುದನ್ನು ಎಲೆಗಳಿಂದ ಗ್ರಹಿಸಿದ ನಂತರವೇ ಇದು ಮೊಗ್ಗು ಕಟ್ಟುತ್ತದೆ. ಹಗಲು ರಾತ್ರಿಗಳ ಅವಧಿಗೂ ಹೂ ಬಿಡುವುದಕ್ಕೂ ಇರುವ ಸಂಬಂಧವನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಸೇವಂತಿಗೆ ಬೆಳೆಯುವ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂವನ್ನು ಮುಂದೂಡಿ ಗಿಡವನ್ನು ಬೆಳೆಸಿಕೊಳ್ಳಲು ಚಿಕ್ಕಬಳ್ಳಾಪುರದ ಕಡೆಯ ತೋಟಗಳಲ್ಲಿ ರಾತ್ರಿ ಸಾಲುಸಾಲಾಗಿ ಬಲ್ಬು ಉರಿಸುವುದುಂಟು. ರೈತನು ಲೆಕ್ಕವಿಟ್ಟು ಮಾಡುವ ಆ ಕೆಲಸವನ್ನೇ ಕಚೇರಿಯ ಪಡಸಾಲೆಯ ದೀಪವು ಯಾರಿಗೂ ತಿಳಿಯದಂತೆ ಮಾಡುತ್ತಿರುತ್ತದೆ. ಇರುಳೆಲ್ಲ ದೀಪವಿರುವಲ್ಲಿ ಗಿಡಕ್ಕೆ ರಾತ್ರಿಯೇ ಆಗುವುದಿಲ್ಲ. ನಡುರಾತ್ರಿಯ ಅಲ್ಪ ಬೆಳಕೂ ದೀರ್ಘ ಇರುಳಿನ ಪರಿಣಾಮವನ್ನು ಕೆಡಿಸಬಲ್ಲದು.

ಆದುದರಿಂದ ಅಕ್ಟೋಬರ್‌ನಿಂದ ಸುಮಾರು 6 ವಾರಗಳ ಕಾಲ ಗಿಡಕ್ಕೆ ದಿನವೂ 14 ಗಂಟೆಗಳ ಕತ್ತಲೆ ಒದಗಿಸಬೇಕು. ಸಂಜೆ 5ಕ್ಕೆ ಕುಂಡದ ಮೇಲೆ ಬೆಳಕು ನುಸುಳದ ರಟ್ಟಿನ ಪೆಟ್ಟಿಗೆಯನ್ನು ಮುಚ್ಚಿ, ಬೆಳಿಗ್ಗೆ 7ಕ್ಕೆ ತೆಗೆದರೆ ಸಾಕು. ಕಚೇರಿ ತೆರೆಯುವ ಮೊದಲೇ ಬರುವ ಒಬ್ಬರಿಗೆ ಈ ಹೊಣೆ ವಹಿಸುವುದು ಸೂಕ್ತ. ಪೆಟ್ಟಿಗೆ ತೆಗೆಯಲು ಮರೆತರೆ ಹಗಲಿನ ಬೆಳಕೂ ತಪ್ಪಿ ಗಿಡ ಸೊರಗುತ್ತದೆ. ದಸರಾ, ದೀಪಾವಳಿ ರಜೆಗಳಲ್ಲಿ ಹೀಗಾಗುವ ಸಂಭವ ಹೆಚ್ಚು. ಅಂತಹ ದಿನಗಳಲ್ಲಿ ಕುಂಡವನ್ನು ಸಿಬ್ಬಂದಿಯೊಬ್ಬರ ಮನೆಗೆ ಸಾಗಿಸುವುದೇ ಸುಲಭ. ಹಗಲಿನಲ್ಲಿ ಪೂರ್ವದ ಕಿಟಕಿಯ ಬಳಿ ಒಳ್ಳೆಯ ಬೆಳಕು ಸಿಗಬೇಕು. ಕಡತಗಳ ಕಪಾಟಿನ ಮೇಲಿಟ್ಟ ಗಿಡಕ್ಕೆ ಎಷ್ಟು ಕತ್ತಲೆ ಕೊಟ್ಟರೂ ಹೂವಿಗೆ ಬೇಕಾದ ಶಕ್ತಿ ಕೂಡುವುದಿಲ್ಲ. ಮೊಗ್ಗು ಸ್ಪಷ್ಟವಾಗಿ ಕಂಡ ಮೇಲೆ ಪೆಟ್ಟಿಗೆಯ ಅಗತ್ಯವಿಲ್ಲ. ಅಲ್ಲಿಂದ ಕೆಲವು ವಾರಗಳಲ್ಲಿ ಹೂ ಅರಳುತ್ತದೆ.

ಎಲೆಗಳಲ್ಲಿಯೇ ನೀರು ಸಂಗ್ರಹಿಸಿಕೊಳ್ಳುವ ಸಸ್ಯವಾದ್ದರಿಂದ ಮೇಲ್ಮಣ್ಣು ಒಂದು ಅಂಗುಲ ಒಣಗಿದ ಬಳಿಕವಷ್ಟೇ ನೀರೆರೆಯಬೇಕು. ಕುಂಡದ ತಳದಲ್ಲಿ ರಂಧ್ರವಿರಲಿ, ಮಣ್ಣಿಗೆ ದಪ್ಪ ಮರಳು ಬೆರೆತಿರಲಿ. ಬರುವವರೆಲ್ಲ ಅಕ್ಕರೆಯಿಂದ ಒಂದೊಂದು ಲೋಟ ಸುರಿಯುವ ಕುಂಡದಲ್ಲಿ ಬೇರು ಕೊಳೆಯುತ್ತದೆ.

ಹಳ್ಳಿಯ ಕಚೇರಿಗಳಲ್ಲಿ ವಿಶೇಷ ಎಚ್ಚರ ಬೇಕಾದ ಸಂಗತಿಯೊಂದಿದೆ. ಕಲಾಂಚೊ ಗಿಡದಲ್ಲಿ, ಮುಖ್ಯವಾಗಿ ಅದರ ಹೂಗಳಲ್ಲಿ, ಜಾನುವಾರುಗಳ ಹೃದಯವನ್ನು ಬಾಧಿಸುವ ವಿಷಾಂಶವಿದೆ. ಬಾಡಿದ ಗೊಂಚಲುಗಳನ್ನು ಕತ್ತರಿಸಿದಾಗ ಇಲ್ಲವೇ ಗಿಡವನ್ನೇ ತೆಗೆದಾಗ ಅವನ್ನು ಕಾಂಪೌಂಡಿನಾಚೆ ಎಸೆಯಬಾರದು, ದನ, ಕುರಿ, ಮೇಕೆಗಳ ಬಾಯಿಗೆ ಸಿಗದಂತೆ ಗುಂಡಿ ತೋಡಿ ಮಣ್ಣು ಮುಚ್ಚಬೇಕು. ಅಂಗನವಾಡಿಯ ಮಕ್ಕಳ ಕೈಗೆಟಕುವ ಸ್ಥಳದಲ್ಲಿಯೂ ಈ ಕುಂಡವನ್ನಿಡುವುದು ತರವಲ್ಲ.