ಹತ್ತೊಂಬತ್ತರ ಹುಡುಗರ ಐವತ್ತೊಂದು ನಿಮಿಷ: ‘ಕಿಲ್ ಎಮ್ ಆಲ್’ ಯಾಕೆ ಹಳೇದಾಗಲ್ಲ?

ಈ ಸಲದ ಪಾಠ ಯಾವ ಸಿಲಬಸ್ಸಿನಲ್ಲೂ ಇಲ್ಲ. ಆದರೆ ಇದರಲ್ಲಿ ಅನಲಾಗ್ ಎಲೆಕ್ಟ್ರಾನಿಕ್ಸ್ ಇದೆ, ವೈಬ್ರೇಶನ್ ಇದೆ, ಸ್ವಲ್ಪ ಛಂದಸ್ಸೂ ಇದೆ. ವಿಷಯ, ಅಮೆರಿಕದ ಮೆಟಾಲಿಕಾ ಬ್ಯಾಂಡಿನ ಮೊದಲ ಆಲ್ಬಂ ‘ಕಿಲ್ ಎಮ್ ಆಲ್’. ಬಿಡುಗಡೆ ಆಗಿದ್ದು 1983ರ ಜುಲೈ 25ರಂದು. ಹತ್ತು ಹಾಡು, ಸುಮಾರು 51 ನಿಮಿಷ. ಚಿಕ್ಕಮಗಳೂರು ಸ್ಟ್ಯಾಂಡಲ್ಲಿ ಬಸ್ ಹತ್ತಿ ಇಯರ್‌ಫೋನ್ ಹಾಕಿದರೆ ಹೆಚ್ಚುಕಮ್ಮಿ ಮೂಡಿಗೆರೆ ಬರುವಷ್ಟರಲ್ಲಿ ಮುಗಿಯುತ್ತೆ.

ನಲವತ್ತು ವರ್ಷಕ್ಕಿಂತ ಹಳೇ ಆಲ್ಬಂ ಇದು. ಹಾಗಿದ್ದೂ ನಮ್ಮ ಹಾಸ್ಟೆಲ್ಲಿನಲ್ಲಿ ಹೊಸದಾಗಿ ಗಿಟಾರ್ ಕೊಂಡವನು ಮೊದಲ ಕೆಲವು ತಿಂಗಳಲ್ಲೇ ‘ಸೀಕ್ ಅಂಡ್ ಡೆಸ್ಟ್ರಾಯ್’ ರಿಫ್ ನುಡಿಸೋಕೆ ನೋಡ್ತಾನೆ. (ರಿಫ್ ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಚಿಕ್ಕ ತುಣುಕು, ಗಿಟಾರಿನ ಪಲ್ಲವಿ ಅಂದುಕೊಳ್ಳಿ.) ಯಾಕೆ? ಎಲ್ಲರೂ ಕೊಡುವ ಉತ್ತರ ‘ಸ್ಪೀಡು’. ಆದರೆ ಸ್ಪೀಡೇ ಕಾರಣ ಆಗಿದ್ದರೆ ಈ ಆಲ್ಬಂ ಮೂರೇ ವರ್ಷಕ್ಕೆ ಹಳೇದಾಗಬೇಕಿತ್ತು. 1986ರಲ್ಲಿ ಬಂದ ಸ್ಲೇಯರ್ ಬ್ಯಾಂಡಿನ ‘ರೇನ್ ಇನ್ ಬ್ಲಡ್’ ಇದಕ್ಕಿಂತ ಎಷ್ಟೋ ವೇಗವಾಗಿದೆ. ನಮ್ಮ ಪ್ರಕಾರ ಕಾರಣ ಬೇರೆ. ಒಂದೊಂದಾಗಿ ನೋಡೋಣ.

1. ಯಾರು, ಯಾವಾಗ

1981ರಲ್ಲಿ ಲಾರ್ಸ್ ಉಲ್ರಿಕ್ ಅನ್ನೋ ಡ್ರಮ್ಮರ್ ಲಾಸ್ ಏಂಜಲೀಸಿನ ‘ದ ರಿಸೈಕ್ಲರ್’ ಪತ್ರಿಕೆಯಲ್ಲಿ ಜೊತೆಗಾರರು ಬೇಕು ಅಂತ ಜಾಹೀರಾತು ಕೊಡ್ತಾನೆ. ಅದನ್ನ ನೋಡಿ ಬಂದವನು ಜೇಮ್ಸ್ ಹೆಟ್‌ಫೀಲ್ಡ್. ಇಂಗ್ಲೆಂಡಿನ ಡೈಮಂಡ್ ಹೆಡ್, ಮೋಟರ್‌ಹೆಡ್ ಬ್ಯಾಂಡುಗಳು ಅವರಿಗೆ ಇಷ್ಟ. ಆ ಹೆವಿ ಮೆಟಲ್ಲಿಗೆ ಪಂಕ್ ಸಂಗೀತದ ಆತುರ ಸೇರಿಸಿದರು. ಅದಕ್ಕೆ ಆಮೇಲೆ ಥ್ರ್ಯಾಶ್ ಅಂತ ಹೆಸರು ಬಂತು. ಥ್ರ್ಯಾಶ್ ಅಂದರೆ ಬಡಿಯೋದು, ಅಷ್ಟೇ.

ಆಲ್ಬಂ ಬಂದ ದಿನ ಜೇಮ್ಸ್‌ಗೆ 19 ವರ್ಷ. ಲಾರ್ಸ್‌ಗೂ 19. ಗಿಟಾರಿನ ಕರ್ಕ್ ಹ್ಯಾಮೆಟ್‌ಗೆ 20. ಬೇಸ್ ಗಿಟಾರಿನ ಕ್ಲಿಫ್ ಬರ್ಟನ್‌ಗೆ 21. ಅಂದರೆ ನಮ್ಮ ಕಾಲೇಜಲ್ಲಿ ಇದ್ದಿದ್ದರೆ ಇಬ್ಬರು ಸೆಕೆಂಡ್ ಇಯರ್, ಒಬ್ಬ ಥರ್ಡ್ ಇಯರ್, ಒಬ್ಬ ಫೈನಲ್ ಇಯರ್.

ಇನ್ನೊಂದು ವಿಷಯ ನಮಗೆ ತುಂಬಾ ಮುಖ್ಯ ಅನ್ನಿಸ್ತು. ಕ್ಲಿಫ್ ಬರ್ಟನ್ ‘ಲಾಸ್ ಏಂಜಲೀಸಿಗೆ ನಾನು ಬರಲ್ಲ, ನೀವೇ ಬನ್ನಿ’ ಅನ್ನೋ ಷರತ್ತು ಹಾಕಿದ. ಒಬ್ಬ ಬೇಸ್ ವಾದಕನಿಗೋಸ್ಕರ ಇಡೀ ಬ್ಯಾಂಡ್ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಗಂಟುಮೂಟೆ ಕಟ್ಟಿತು. ದೊಡ್ಡ ಕಂಪನಿಗಳಿದ್ದ ಊರನ್ನ ಬಿಟ್ಟು ಜೊತೆಗಾರ ಇದ್ದ ಊರಿಗೆ ಹೋದರು. ‘ಬೆಂಗಳೂರಲ್ಲಿದ್ದಿದ್ರೆ ಏನಾದ್ರೂ ಮಾಡಬಹುದಿತ್ತು, ಈ ಕಾಫಿ ತೋಟದ ಮಧ್ಯೆ ಯಾರ್ ಕೇಳ್ತಾರೆ’ ಅಂತ ಗೊಣಗುವ ನಾವೆಲ್ಲ ಇದನ್ನ ಒಂದು ಸಲ ಯೋಚಿಸಬೇಕು.

2. ಏಳು ಹಾಡು ಹಳೇವು

ಆಲ್ಬಂ ರೆಕಾರ್ಡ್ ಆಗಿದ್ದು 1983ರ ಮೇ ತಿಂಗಳಲ್ಲಿ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಮ್ಯೂಸಿಕ್ ಅಮೆರಿಕ ಸ್ಟುಡಿಯೋದಲ್ಲಿ. ಮೂರು ವಾರದೊಳಗೆ ಕೆಲಸ ಮುಗಿದಿತ್ತು. ಮೂರು ವಾರದಲ್ಲಿ ಹತ್ತು ಹಾಡು ಅಂದ ತಕ್ಷಣ ‘ಜೀನಿಯಸ್’ ಅನ್ನಬೇಡಿ. ಹಿಂದಿನ ವರ್ಷವೇ, 1982ರಲ್ಲಿ, ಅವರು ‘ನೋ ಲೈಫ್ ಟಿಲ್ ಲೆದರ್’ ಅನ್ನೋ ಡೆಮೊ ಕ್ಯಾಸೆಟ್ ಮಾಡಿದ್ದರು. ಅದರಲ್ಲಿದ್ದ ಏಳಕ್ಕೆ ಏಳೂ ಹಾಡು ಈ ಆಲ್ಬಂನಲ್ಲಿವೆ. ಹೊಸದಾಗಿ ಸೇರಿದ್ದು ‘ಅನೆಸ್ತೀಸಿಯಾ’, ‘ವಿಪ್‌ಲ್ಯಾಶ್’, ‘ನೋ ರಿಮೋರ್ಸ್’ ಮೂರೇ.

ಆ ಕ್ಯಾಸೆಟ್ ಕೈಯಿಂದ ಕೈಗೆ ಕಾಪಿ ಆಗಿ, ಪೋಸ್ಟಲ್ಲಿ ಊರೂರು ಸುತ್ತಿತು. ಒಂದು ಕಾಪಿ ನ್ಯೂಜೆರ್ಸಿಯಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಜಾನ್ ಝಝೂಲಾಗೆ ಸಿಕ್ಕಿತು. ಯಾವ ಕಂಪನಿಯೂ ಈ ಬ್ಯಾಂಡನ್ನ ತೊಗೊಳ್ಳಲ್ಲ ಅಂತಾದಾಗ ಆತ, ಹೆಂಡತಿ ಮಾರ್ಷಾ ಜೊತೆ ಸೇರಿ, ತಾನೇ ಮೆಗಾಫೋರ್ಸ್ ರೆಕಾರ್ಡ್ಸ್ ಶುರು ಮಾಡಿದ.

ರೆಕಾರ್ಡಿಂಗಿಗೆ ಒಂದು ತಿಂಗಳ ಮುಂಚೆ, ಏಪ್ರಿಲ್‌ನಲ್ಲಿ, ಲೀಡ್ ಗಿಟಾರಿಸ್ಟ್ ಡೇವ್ ಮಸ್ಟೇನ್‌ನನ್ನ ಕುಡಿತ, ಜಗಳದ ಕಾರಣಕ್ಕೆ ತೆಗೆದುಹಾಕಿದರು. ಎಕ್ಸೋಡಸ್ ಬ್ಯಾಂಡಿನಿಂದ ಕರ್ಕ್ ಬಂದ. ಮಸ್ಟೇನ್ ಹೋದರೂ ನಾಲ್ಕು ಹಾಡಿನಲ್ಲಿ ಅವನ ಹೆಸರು ಇದ್ದೇ ಇದೆ. ಅವನು ಆಮೇಲೆ ಕಟ್ಟಿದ್ದು ಮೆಗಾಡೆತ್.

ಇಲ್ಲೊಂದು ಒಳ್ಳೇ ಪ್ರಯೋಗ ಮಾಡಬಹುದು. ಡೆಮೊದಲ್ಲಿ ‘ದ ಮೆಕ್ಯಾನಿಕ್ಸ್’ ಅಂತ ಮಸ್ಟೇನ್ ಬರೆದ ಹಾಡಿತ್ತು. ಮೆಟಾಲಿಕಾ ಅದರ ಸಾಹಿತ್ಯ ಬದಲಿಸಿ, ವೇಗ ತಗ್ಗಿಸಿ, ನಡುವೆ ನಿಧಾನದ ಭಾಗ ಸೇರಿಸಿ ‘ದ ಫೋರ್ ಹಾರ್ಸ್‌ಮೆನ್’ ಮಾಡಿತು. ಏಳು ನಿಮಿಷಕ್ಕೂ ಜಾಸ್ತಿ. ಮೆಗಾಡೆತ್ 1985ರ ತನ್ನ ಮೊದಲ ಆಲ್ಬಂನಲ್ಲಿ ಅದೇ ಹಾಡನ್ನ ಹಳೇ ರೂಪದಲ್ಲಿ, ಇನ್ನೂ ಜೋರಾಗಿ ನುಡಿಸಿತು. ಐದು ನಿಮಿಷದೊಳಗೆ ಮುಗಿಯುತ್ತೆ. ಎರಡನ್ನೂ ಒಟ್ಟಿಗೆ ಕೇಳಿ. ಒಂದೇ ರಿಫ್ ಮೇಲೆ ಎರಡು ಬೇರೆ ಮನೆ ಕಟ್ಟೋದು ಹೇಗೆ ಅಂತ ಗೊತ್ತಾಗುತ್ತೆ.

3. ಸದ್ದಿನ ಒಳಗಿನ ಲೆಕ್ಕ

ಮೊದಲನೇದು, ಪವರ್ ಕಾರ್ಡ್. ಇದು ನಮ್ಮ ಸ-ಪ, ಬೇರೇನಲ್ಲ. ಷಡ್ಜ ಮತ್ತು ಪಂಚಮ, 2:3 ಅನುಪಾತ. ಗಿಟಾರಿನ ದಪ್ಪ ತಂತಿ 82.4 ಹರ್ಟ್ಸ್. ಅದರ ಪಂಚಮ 123.5 ಹರ್ಟ್ಸ್. ಆಂಪ್ಲಿಫೈಯರನ್ನ ಅದರ ಮಿತಿ ದಾಟಿಸಿದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತೆ. ಇದೇ ಲ್ಯಾಬಲ್ಲಿ ನಾವು ನೋಡುವ ಕ್ಲಿಪ್ಪಿಂಗ್. ಕ್ಲಿಪ್ ಆದಾಗ ಎರಡು ಸ್ವರದ ವ್ಯತ್ಯಾಸವೂ ಹೊಸ ಸ್ವರವಾಗಿ ಹುಟ್ಟುತ್ತೆ. 123.5ರಲ್ಲಿ 82.4 ಕಳೆದರೆ 41.1. ಅದು ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಸ. ಯಾರೂ ನುಡಿಸದೇ ಇದ್ದ ಮಂದ್ರದ ಸ ತಾನಾಗೇ ಬಂತು! ನಡುವೆ ಗಾಂಧಾರ (103.8) ಸೇರಿಸಿದರೆ ಏನಾಗುತ್ತೆ ನೋಡಿ. ವ್ಯತ್ಯಾಸಗಳು 21.4, 19.7, 41.1. ಮೊದಲ ಎರಡು ಒಂದಕ್ಕೊಂದು ಹೊಂದಲ್ಲ, ಸದ್ದು ಕೆಸರಾಗುತ್ತೆ. ಮೆಟಲ್ ಗಿಟಾರಿಸ್ಟುಗಳು ಗಾಂಧಾರ ಬಿಟ್ಟು ಬರೀ ಸ-ಪ ನುಡಿಸೋದು ಸೋಮಾರಿತನಕ್ಕಲ್ಲ.

ಎರಡನೇದು, ಪಾಮ್ ಮ್ಯೂಟ್. ಬಲಗೈ ಅಂಗೈ ಅಂಚನ್ನ ತಂತಿ ಬುಡದ ಮೇಲೆ ಒರಗಿಸಿ ಬಾರಿಸೋದು. ಡ್ಯಾಂಪಿಂಗ್ ಜಾಸ್ತಿ, ಹಾಗಾಗಿ ಪ್ರತಿ ಪೆಟ್ಟು ಬೇಗ ಸಾಯುತ್ತೆ. ಸತ್ತರೇನೇ ಮುಂದಿನ ಪೆಟ್ಟಿಗೆ ಜಾಗ. ವೇಗ ಕೇಳಿಸೋದು ಪೆಟ್ಟಿನಿಂದಲ್ಲ, ಪೆಟ್ಟುಗಳ ನಡುವಿನ ಮೌನದಿಂದ.

ಮೂರನೇದು, ಡೌನ್‌ಪಿಕ್ಕಿಂಗ್. ಮೇಲೆ-ಕೆಳಗೆ ಬಾರಿಸಿದರೆ ಕೈಗೆ ಸುಲಭ. ಹೆಟ್‌ಫೀಲ್ಡ್‌ನ ಗುರುತು ಕೆಳಮುಖದ ಪೆಟ್ಟು ಮಾತ್ರ. ಎಲ್ಲ ಪೆಟ್ಟೂ ಒಂದೇ ತೂಕ. ನಿಮಿಷಕ್ಕೆ 200 ಬೀಟ್ ಇಟ್ಟುಕೊಂಡು ಬೀಟಿಗೆ ಎರಡು ಪೆಟ್ಟು ಅಂದರೆ ನಿಮಿಷಕ್ಕೆ 400, ಸೆಕೆಂಡಿಗೆ ಆರೂವರೆಗೂ ಜಾಸ್ತಿ. ಪೆನ್ನು ಹಿಡಿದು ಟೇಬಲ್ ಮೇಲೆ ಒಂದೇ ದಿಕ್ಕಿಗೆ ಹೊಡೆದು ನೋಡಿ. ಅರ್ಧ ನಿಮಿಷಕ್ಕೆ ಮೊಣಕೈ ಹಿಡಿದುಕೊಳ್ಳುತ್ತೆ.

ಇದನ್ನ ‘ಬರೀ ಗಲಾಟೆ’ ಅನ್ನುವವರಿಗೆ ನಾವು ಹೇಳೋದು ಇಷ್ಟೇ. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬೆಳೆದ ಕಳಸದ ಹುಡುಗನಿಗೆ ಚೆಂಡೆಯ ಉರುಳಿಕೆ ಗಲಾಟೆ ಅನ್ನಿಸುತ್ತಾ? ಲೆಕ್ಕ ಗೊತ್ತಿದ್ದವನಿಗೆ ಅದು ಲಯ.

4. ಕೇಳುವ ಕ್ರಮ

ಹತ್ತೂ ಹಾಡು ಒಂದೇ ಸಲ ಬೇಡ. ಹೊಸಬರು ಹೀಗೆ ಕೇಳಿ.

‘ಸೀಕ್ ಅಂಡ್ ಡೆಸ್ಟ್ರಾಯ್’: ನಡಿಗೆಯ ವೇಗದ ರಿಫ್, ಎಲ್ಲರೂ ಒಟ್ಟಿಗೆ ಕೂಗುವ ಪಲ್ಲವಿ. ನಡುವೆ ಸೋಲೋ ಬಂದಾಗ ಹಾಡು ಓಡೋಕೆ ಶುರು ಮಾಡುತ್ತೆ, ಆಮೇಲೆ ಮತ್ತೆ ನಡಿಗೆ. ಬ್ಯಾಂಡಿನ ಎಷ್ಟೋ ಶೋಗಳು ಈ ಹಾಡಿನಿಂದಲೇ ಮುಗಿದಿವೆ.

‘ಅನೆಸ್ತೀಸಿಯಾ’: ಇದರಲ್ಲಿ ಗಿಟಾರೂ ಇಲ್ಲ, ಹಾಡುಗಾರಿಕೆಯೂ ಇಲ್ಲ. ಕ್ಲಿಫ್ ಬರ್ಟನ್‌ನ ಬೇಸ್, ಆಮೇಲೆ ಡ್ರಮ್ಸ್. ಶುರುವಿನಲ್ಲೇ ಇದು ಮೊದಲ ಟೇಕ್ ಅಂತ ಸ್ಟುಡಿಯೋದವರು ಹೇಳೋದು ಕೇಳಿಸುತ್ತೆ. ಅದನ್ನ ಅಳಿಸಲಿಲ್ಲ.

‘ವಿಪ್‌ಲ್ಯಾಶ್’: ಮೇಲೆ ಹೇಳಿದ ಕೈಕೆಲಸ ಪೂರ್ತಿ ಇಲ್ಲಿದೆ.

‘ನೋ ರಿಮೋರ್ಸ್’: ವೇಗ ಎಷ್ಟು ಸಲ ಬದಲಾಗುತ್ತೆ ಅಂತ ಎಣಿಸಿ. ಕೊನೆಯ ಭಾಗ ಬೇರೆ ಹಾಡೇ ಅನ್ನಿಸುವಷ್ಟು ಜೋರು.

ಕೊರತೆಗಳನ್ನೂ ಹೇಳಲೇಬೇಕು. ಹೆಟ್‌ಫೀಲ್ಡ್‌ನ ಗಂಟಲು ಇಲ್ಲಿ ತೆಳು, ಆಮೇಲಿನ ಗಡಸು ಇನ್ನೂ ಬಂದಿಲ್ಲ. ಬೇರೆ ಗಾಯಕನನ್ನ ಹುಡುಕೋಣ ಅಂತ ಬ್ಯಾಂಡೇ ಯೋಚಿಸಿತ್ತು. ಸಾಹಿತ್ಯ ಹುಡುಗಾಟದ್ದು: ಯುದ್ಧ, ವೇಗ, ಮತ್ತೆ ‘ಮೆಟಲ್ ಅಂದ್ರೆ ನಾವೇ’ ಅನ್ನೋ ಜಂಬ. ಮರಣದಂಡನೆ, ಆತ್ಮಹತ್ಯೆಯಂಥ ವಿಷಯಕ್ಕೆ ಅವರು ಬಂದಿದ್ದು 1984ರ ‘ರೈಡ್ ದ ಲೈಟ್ನಿಂಗ್’ ಆಲ್ಬಂನಲ್ಲಿ. ಆದರೆ ಇಲ್ಲಿ ಗೊತ್ತಿಲ್ಲದ್ದನ್ನ ಗೊತ್ತಿದ್ದ ಹಾಗೆ ಹಾಡಿಲ್ಲ. ಹತ್ತೊಂಬತ್ತು ವರ್ಷದವರು ಹತ್ತೊಂಬತ್ತು ವರ್ಷದವರ ಹಾಗೇ ಇದ್ದಾರೆ.

5. ಹಾಗಾದರೆ ಉಳಿದಿದ್ದು ಯಾಕೆ?

ಬಂದ ತಕ್ಷಣ ಇದು ಹಿಟ್ ಆಗಲಿಲ್ಲ. ಬಿಲ್‌ಬೋರ್ಡ್ 200 ಪಟ್ಟಿಗೆ ಬಂದಿದ್ದೇ 1986ರಲ್ಲಿ, ಅದೂ 155ನೇ ಜಾಗಕ್ಕೆ. ಅಮೆರಿಕದಲ್ಲಿ ಮೂವತ್ತು ಲಕ್ಷ ಪ್ರತಿಯ ಸರ್ಟಿಫಿಕೇಟ್ ಸಿಕ್ಕಿದ್ದು 1999ರಲ್ಲಿ. ಅಂದರೆ ಕೇಳುಗರು ಒಬ್ಬರಿಂದೊಬ್ಬರು ಕೇಳಿ ಇದನ್ನ ಹದಿನಾರು ವರ್ಷ ಹೊತ್ತು ತಂದರು. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಮ್ಮ ಬ್ಯಾಚಿನವರು ಎಲ್‌ಕೆಜಿ-ಯುಕೆಜಿ ವಯಸ್ಸಿನವರು. ಅದು ಭಾರತದಲ್ಲಿ ಅವರ ಮೊದಲ ಶೋ. 2008ರಲ್ಲಿ ಮೆಗಾಡೆತ್, 2012ರಲ್ಲಿ ಸ್ಲೇಯರ್ ಕೂಡ ಬೆಂಗಳೂರಿಗೆ ಬಂದು ಹೋದರು. ಅದಕ್ಕೂ ಮುಂಚೆಯೇ, 1998ರಲ್ಲಿ, ಬೆಂಗಳೂರಲ್ಲಿ ಕ್ರಿಪ್ಟೋಸ್ ಅನ್ನೋ ಮೆಟಲ್ ಬ್ಯಾಂಡ್ ಹುಟ್ಟಿತ್ತು. 2004ರಲ್ಲಿ ‘ಸ್ಪೈರಲ್ ಅಸೆಂಟ್’ ಅನ್ನೋ ಮೊದಲ ಆಲ್ಬಂ ತಂದರು. ಮುಂದೆ ಯುರೋಪ್ ಸುತ್ತಿದರು. ಹಾಡೆಲ್ಲ ಇಂಗ್ಲಿಷಲ್ಲಿ, ಆದರೆ ಸ್ವಂತದ್ದು.

ನಮ್ಮ ಉತ್ತರ ಇದು. ‘ಕಿಲ್ ಎಮ್ ಆಲ್’ ಉಳಿದಿದ್ದು ಅದು ಎರಡನೇ ಡ್ರಾಫ್ಟ್ ಆಗಿದ್ದಕ್ಕೆ. ಸ್ವಂತ ಹಾಡನ್ನ ಒಂದು ವರ್ಷ ಜನರ ಮುಂದೆ ನುಡಿಸಿ, ಬೇಡದ್ದು ಉದುರಿ, ಬೇಕಾದ್ದು ಗಟ್ಟಿಯಾದ ಮೇಲೆ ಸ್ಟುಡಿಯೋಗೆ ಹೋದರು. ಕಾಫಿ ಹಣ್ಣು ಕೊಯ್ದ ದಿನವೇ ಫಿಲ್ಟರಿಗೆ ಹಾಕಲ್ಲ. ಒಣಗಬೇಕು, ಸಿಪ್ಪೆ ಹೋಗಬೇಕು, ಹುರಿಯಬೇಕು. ಈ ಕಡೆಯವರಿಗೆ ಅದನ್ನ ಹೇಳಿಕೊಡಬೇಕಾಗಿಲ್ಲ.

6. ನಮ್ಮ ಕಥೆ ಏನು?

ಕಾಲೇಜು ಫೆಸ್ಟುಗಳಲ್ಲಿ ಬ್ಯಾಂಡ್ ಅಂದರೆ ಕವರ್ ಹಾಡು. ಬೇರೆಯವರ ಹಾಡನ್ನ ಇದ್ದ ಹಾಗೇ ನುಡಿಸಿದವರಿಗೆ ಪ್ರೈಜ್. ಸ್ವಂತ ಹಾಡು ಅಂದರೆ ‘ಯಾರಿಗೂ ಗೊತ್ತಿರಲ್ಲ ಮಗಾ, ಬೇಡ’ ಅಂತಾರೆ. ಐದನೇ ಸೆಮ್ ಬಂದ ಮೇಲೆ ಪ್ಲೇಸ್‌ಮೆಂಟ್ ತಯಾರಿ, ಏಳನೇ ಸೆಮ್‌ಗೆ ಬ್ಯಾಂಡೇ ಇರಲ್ಲ. ನಾಲ್ಕು ವರ್ಷ ನುಡಿಸಿ ನಮ್ಮದು ಅಂತ ಒಂದು ಹಾಡೂ ಉಳಿಯಲ್ಲ.

‘ಕನ್ನಡದಲ್ಲಿ ಥ್ರ್ಯಾಶ್ ಆಗಲ್ಲ’ ಅಂತಲೂ ಹೇಳ್ತಾರೆ. ಕಾರಣ ಇಲ್ಲ ಅಂತಲ್ಲ. ಇಂಗ್ಲಿಷ್ ಪದ ವ್ಯಂಜನದಲ್ಲಿ ಟಕ್ ಅಂತ ನಿಲ್ಲುತ್ತೆ. ಕನ್ನಡದ ಪದ ಸ್ವರದಲ್ಲಿ ಮುಗಿದು ಎಳೆದುಕೊಂಡು ಹೋಗುತ್ತೆ. ಆದರೆ ನಮ್ಮಲ್ಲಿ ಒತ್ತಕ್ಷರ ಇದೆ. ‘ಕಟ್ಟು’ ಅಂದಾಗ ನಡುವಿನ ‘ಟ್’ ಹತ್ತಿರ ಉಸಿರು ಒಂದು ಕ್ಷಣ ನಿಲ್ಲುತ್ತೆ. ಅದೇ ನಾಲಿಗೆಯ ಪಾಮ್ ಮ್ಯೂಟ್. ಹೈಸ್ಕೂಲಲ್ಲಿ ಕಲಿತ ಗುರು-ಲಘು ಹಾಕಿ ನೋಡಿ. ‘ಕಟ್ಟು ತಟ್ಟು ಬಿಡು’: 3, 3, 2. ಒಟ್ಟು 8 ಮಾತ್ರೆ. ಮೆಟಲ್ ರಿಫ್‌ಗಳಲ್ಲಿ ಮತ್ತೆ ಮತ್ತೆ ಸಿಗುವ ಲೆಕ್ಕ ಇದು, ಒಂದು ಬಾರ್ ಸರಿಯಾಗಿ ತುಂಬುತ್ತೆ. 3 ಮತ್ತು 4ರ ಮೇಲೆ ಓಡುವ ಭಾಮಿನಿ ಷಟ್ಪದಿಯಲ್ಲಿ ಕಾವ್ಯಗಳನ್ನೇ ಬರೆದ ಭಾಷೆಗೆ ಒಂದು ರಿಫ್ ಕಷ್ಟವಾ? ನಮ್ಮಲ್ಲಿ ಎಷ್ಟೋ ಜನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಹಾಗಂತ ಸಿಟ್ಟು ಬಂದಾಗ ಬಾಯಿಗೆ ಬರೋದು ಯಾವ ಭಾಷೆ ಅಂತ ಎಲ್ಲರಿಗೂ ಗೊತ್ತು.

ಮನೆಗೆಲಸ

ಒಂದು: ‘ದ ಫೋರ್ ಹಾರ್ಸ್‌ಮೆನ್’, ‘ಮೆಕ್ಯಾನಿಕ್ಸ್’ ಎರಡೂ ಕೇಳಿ, ಯಾವುದು ಯಾಕೆ ಇಷ್ಟ ಅಂತ ಐದು ಸಾಲು ಬರೆಯಿರಿ.

ಎರಡು: ಆಸಿಲೋಸ್ಕೋಪ್ ಸಿಕ್ಕಾಗ ಸ-ಪ ಮತ್ತು ಸ-ಗ-ಪ ಎರಡನ್ನೂ ಕ್ಲಿಪ್ ಮಾಡಿ ಅಲೆ ನೋಡಿ.

ಮೂರು: 3-3-2ಕ್ಕೆ ಕೂರುವ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಮಳೆ, ಜಿಗಣೆ, ಕರೆಂಟು, ಬ್ಯಾಕ್‌ಲಾಗ್, ಯಾವುದಾದರೂ ಸರಿ.

ನಾಲ್ಕು: ಆ ಸಾಲುಗಳಿಗೆ ರಿಫ್ ಹಾಕಿ ಮುಂದಿನ ಫೆಸ್ಟಿನಲ್ಲಿ ನುಡಿಸಿ. ಚೆನ್ನಾಗಿ ಬರದಿದ್ದರೆ ಅದರ ಮುಂದಿನ ಫೆಸ್ಟಿನಲ್ಲೂ ಅದೇ ಹಾಡು ನುಡಿಸಿ. ಅಷ್ಟರಲ್ಲಿ ಒಂದು ವರ್ಷ ಆಗಿರುತ್ತೆ.