ಕಾವು

ಗೂಡನ್ನು ಬಿಟ್ಟೇಳದೆ, ಹತ್ತಿರ ಬಂದವರತ್ತ ಗರಿಗೆದರಿ ಗುರುಗುಟ್ಟುವ ಹೇಂಟೆಯನ್ನು ಕಂಡೊಡನೆ, ಅದು ಕಾವಿಗೆ ಬಂದಿದೆಯೆಂದು ಹಳ್ಳಿಯ ಗೃಹಿಣಿಗೆ ತಿಳಿಯುತ್ತದೆ. ಅಂದಿನಿಂದ ಆಕೆಯ ಲೆಕ್ಕಾಚಾರ ಆರಂಭ. ಕೂಡಿಟ್ಟ ಹತ್ತು ಹನ್ನೆರಡು ಮೊಟ್ಟೆಗಳನ್ನು ಮಾರಿದರೆ ಉಪ್ಪು ಎಣ್ಣೆಗಳ ಖರ್ಚು ನೀಗೀತು. ಕಾವಿಗೆ ಇಟ್ಟರೆ 21 ದಿನಗಳ ಬಳಿಕ ಮರಿಗಳಾಗಬಹುದು, ಕೆಟ್ಟೂ ಹೋಗಬಹುದು.

ಬಿದಿರ ಬುಟ್ಟಿಯ ತಳಕ್ಕೆ ಬೂದಿ ಹರಡಿ, ಮೇಲೆ ಒಣಹುಲ್ಲು ಹಾಸಿ, ಒಂದು ವಾರಕ್ಕಿಂತ ಹಳತಲ್ಲದ ಮೊಟ್ಟೆಗಳನ್ನು ಜೋಡಿಸಿ, ಸಂಜೆಯ ಮಬ್ಬಿನಲ್ಲಿ ಕೋಳಿಯನ್ನು ಕೂರಿಸುವುದು ರೂಢಿ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕೆಲವರು ಕಬ್ಬಿಣದ ಚೂರನ್ನೂ ಇಡುವುದುಂಟು. ಬೂದಿಯಿಂದ ಹೇನಿನ ಕಾಟ ತಗ್ಗುತ್ತದೆ. ಕಬ್ಬಿಣದ್ದು ಬರಿಯ ನಂಬಿಕೆ.

ಕೋಳಿ ಸುಮ್ಮನೆ ಕುಳಿತಂತೆ ಕಂಡರೂ ಸುಮ್ಮನಿರುವುದಿಲ್ಲ. ಅದರ ಎದೆಯಡಿಯ ಗರಿಗಳು ಉದುರಿ, ಬರಿಯ ಚರ್ಮವೇ ಮೊಟ್ಟೆಗಳಿಗೆ ತಾಗಿ ಶಾಖ ಕೊಡುತ್ತದೆ. ಅವುಗಳಿಗೆ ಬೇಕಾದದ್ದು ಸುಮಾರು 37.5 ಡಿಗ್ರಿ ಸೆಲ್ಸಿಯಸ್. ದಿನಕ್ಕೆ ಹಲವು ಸಲ ಅದು ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತದೆ. ಹೊರಳಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುವ ಸಂಭವವುಂಟು. ಏಳನೆಯ ದಿನ ಕತ್ತಲೆಯಲ್ಲಿ ಮೊಟ್ಟೆಯನ್ನು ದೀಪಕ್ಕೆ ಹಿಡಿದರೆ, ಜೇಡರ ಬಲೆಯಂತೆ ಹರಡಿದ ಕೆಂಪು ನಾಳಗಳು ಕಾಣುತ್ತವೆ. ಏನೂ ಕಾಣದಿದ್ದರೆ ಅದು ಮರಿಯಾಗದ ಮೊಟ್ಟೆ, ತೆಗೆದುಬಿಡುವುದು ಲೇಸು.

ಮನೆಯವರ ನಿಜವಾದ ಪರೀಕ್ಷೆ ಕೊನೆಯ ದಿನದ್ದು. 20ನೆಯ ದಿನದ ಸುಮಾರಿಗೆ ಮರಿಯು ಮೊಟ್ಟೆಯ ಅಗಲವಾದ ತುದಿಯಲ್ಲಿರುವ ಗಾಳಿಯ ಪೊಳ್ಳನ್ನು ಭೇದಿಸಿ ಮೊದಲ ಉಸಿರೆಳೆಯುತ್ತದೆ. ಚಿಪ್ಪಿನೊಳಗಿಂದಲೇ ‘ಚಿಂವ್’ ಎನ್ನುತ್ತದೆ. ತಾಯಿ ಮೆಲುದನಿಯಲ್ಲಿ ಓಗೊಡುತ್ತದೆ. ಮೇಲ್ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಮರಿ ಕುಟ್ಟಿದಾಗ ಚಿಪ್ಪಿನಲ್ಲೊಂದು ಬಿರುಕು ಮೂಡುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ನಡೆದಂತೆ ಕಾಣದು. ಮರಿ ಸೋತಿತೆಂದು ಮರುಗಿದ ಮಕ್ಕಳು ಚಿಪ್ಪನ್ನು ಸುಲಿಯಲು ಕೈಹಾಕುವುದು ಈ ಹೊತ್ತಿನಲ್ಲಿಯೇ. ಮರಿಯಾದರೋ ಸೋತಿರುವುದಿಲ್ಲ. ಪೊರೆಯ ನಾಳಗಳಲ್ಲಿ ಉಳಿದಿರುವ ರಕ್ತವನ್ನು ಮೈಗೆ ಸೆಳೆದುಕೊಳ್ಳುತ್ತ, ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಅವಸರದಿಂದ ಸುಲಿದರೆ ಆ ನಾಳಗಳು ಹರಿದು, ರಕ್ತ ಸೋರಿ ಮರಿ ಸಾಯುವುದುಂಟು. ಮನೆಯ ಅಜ್ಜಿ ಮಕ್ಕಳ ಕೈಯನ್ನು ಹಿಂದಕ್ಕೆಳೆಯುವುದು ಕರುಣೆಯಿಲ್ಲದೆ ಅಲ್ಲ.

ಹೊಟ್ಟೆ ಸೇರಿದ ಆ ಹಳದಿಯೇ ಮರಿಯ ಬುತ್ತಿ. ಎರಡು ದಿನ ಮೇವಿಲ್ಲದೆಯೂ ಅದು ಬದುಕಬಲ್ಲದು. ತಡವಾಗಿ ಒಡೆಯುವ ಮೊಟ್ಟೆಗಳಿಗಾಗಿ ತಾಯಿ ಕಾದು ಕೂರಲು ಸಾಧ್ಯವಾಗುವುದು ಇದರಿಂದಲೇ. ಬಳಿಕ ನುಚ್ಚು, ಗೆದ್ದಲು, ಆಳವಿಲ್ಲದ ತಟ್ಟೆಯಲ್ಲಿ ನೀರು. ಆಳವಿದ್ದರೆ ಮರಿಗಳು ಮುಳುಗುತ್ತವೆ. ಮೊದಲ ವಾರದಲ್ಲಿಯೇ ಕೊಕ್ಕರೆ ರೋಗದ ಲಸಿಕೆಯ ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಿಸಬೇಕು. ರಾಣಿಖೇತ್ ರೋಗವೆಂದೂ ಕರೆಯುವ ಈ ಪಿಡುಗು ಒಂದು ಮನೆಗೆ ಹೊಕ್ಕರೆ ಇಡೀ ಕೇರಿಯ ಗೂಡುಗಳನ್ನು ಬರಿದುಮಾಡಬಲ್ಲದು.

ಹದ್ದಿಗೆ ಲಸಿಕೆಯಿಲ್ಲ. ಅದರ ನೆರಳು ಅಂಗಳದ ಮೇಲೆ ಹಾದರೆ ತಾಯಿ ಒಂದು ಕೂಗು ಹಾಕುತ್ತದೆ. ಚದುರಿದ್ದ ಮರಿಗಳೆಲ್ಲ ಮರುಕ್ಷಣ ಅದರ ರೆಕ್ಕೆಯಡಿ ಸೇರುತ್ತವೆ. ಕೆಲವೇ ವಾರಗಳಲ್ಲಿ ಅದೇ ತಾಯಿ, ಬಲಿತ ಮರಿಗಳನ್ನು ಕುಕ್ಕಿ ದೂರ ಅಟ್ಟಿ, ಮತ್ತೆ ಮೊಟ್ಟೆಯಿಡತೊಡಗುತ್ತದೆ.