ಕದಡಿದ ನೀರು ಹೊತ್ತು ತರುವ ಕಣಗಳು

ಸಂಡೂರಿನ ಅದಿರು ಪ್ರದೇಶದಲ್ಲಿ ಮೊದಲ ಮಳೆಗೆ ಹಳ್ಳಗಳು ಕೆಂಪಾಗಿ ಹರಿಯುವುದು ಸದಸ್ಯರಿಗೆ ಹೊಸತಲ್ಲ. ಹೊಸಪೇಟೆಯ ತುಂಗಭದ್ರಾ ಜಲಾಶಯದ ಸಾಮರ್ಥ್ಯವು 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿರುವುದು ಹೂಳಿನಿಂದ. ಅಲ್ಲಿ ತಂಗುವುದು ದಪ್ಪ ಕಣ. ಅತಿ ಸಣ್ಣವು ನೀರಿನೊಡನೆ ಮುಂದೆ ಸಾಗುತ್ತವೆ. ಹಂಪಿಯ ದಡದಲ್ಲಿ ಎಸೆದ ಬಾಟಲಿ, ಚೀಲಗಳು ಬಿಸಿಲಿಗೆ ಪುಡಿಯಾಗಿ 5 ಮಿ.ಮೀ.ಗಿಂತ ಚಿಕ್ಕ ಮೈಕ್ರೋಪ್ಲಾಸ್ಟಿಕ್ ಆಗುತ್ತವೆ. ಕಂಪ್ಲಿಯ ಭತ್ತದ ಗದ್ದೆಗಳಿಂದ ಕೀಟನಾಶಕ ಅಂಟಿದ ಮಣ್ಣು ಸೇರಬಹುದು.

ಕಣವು ಸಣ್ಣದಾದಷ್ಟೂ ಅದು ಹೊರುವ ವಿಷ ಹೆಚ್ಚು. 1 ಸೆಂ.ಮೀ. ಅಂಚಿನ ಘನದ ಹೊರಮೈ 6 ಚದರ ಸೆಂ.ಮೀ.; ಅದನ್ನೇ 1 ಮಿ.ಮೀ. ಘನಗಳಾಗಿ ಒಡೆದರೆ ಒಟ್ಟು ಹೊರಮೈ 60. ಲೋಹ, ಕೀಟನಾಶಕಗಳು ಅಂಟಿಕೊಳ್ಳುವುದು ಈ ಹೊರಮೈಗೆ.

ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಮೈಕ್ರೋಪ್ಲಾಸ್ಟಿಕ್‌ಗೆ ಮಿತಿಯಿಲ್ಲ. ಗ್ರಾಮ ಮಟ್ಟದಲ್ಲಿ ಅದನ್ನು ಅಳೆಯಲೂ ಆಗದು. ಆದರೆ ಟರ್ಬಿಡಿಟಿ, ಅಂದರೆ ನೀರಿನ ಕದಡನ್ನು ಅಳೆಯಬಹುದು. ಅದರ ಮಿತಿ 1 ಎನ್‌ಟಿಯು. ಬೇರೆ ಜಲಮೂಲವಿಲ್ಲದಿದ್ದಲ್ಲಿ 5. ಕದಡನ್ನು ಚೆನ್ನಾಗಿ ತಗ್ಗಿಸುವ ಸಂಸ್ಕರಣೆಯೇ ಪ್ಲಾಸ್ಟಿಕ್ ಕಣಗಳನ್ನೂ ಬಹುಮಟ್ಟಿಗೆ ತಡೆಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ತಿಳಿಸುತ್ತದೆ. ಆದ್ದರಿಂದ ಕ್ರಿಯಾಯೋಜನೆಯಲ್ಲಿ ಆಲಂ ಖರೀದಿ ಹಾಗೂ ಮರಳು ಶೋಧಕದ ನಿರ್ವಹಣೆಗೆ ಹಣ ಮೀಸಲಿಡದೆ ಹೊಸ ಟ್ಯಾಂಕು ಕಟ್ಟಿಸುವುದು ವ್ಯರ್ಥ. ಕ್ಲೋರಿನ್ ಹಾಕಿದೆವೆಂಬ ಸಮಾಧಾನವೂ ಸಲ್ಲದು: ಕದಡಿದ ನೀರಿನಲ್ಲಿ ರೋಗಾಣುಗಳು ಕಣಗಳ ಮರೆಯಲ್ಲಿ ಉಳಿಯುತ್ತವೆ. ಕುದಿಸಿದರೆ ಲೋಹ ಹೋಗದು. ನೀರಿನಲ್ಲಿ ಕರಗಿದ ಮ್ಯಾಂಗನೀಸ್ ಅಂತೂ ತಿಳಿನೀರಿನಲ್ಲೂ ಇರಬಲ್ಲದು; ಸಂಡೂರು ಭಾಗದ ಕೊಳವೆಬಾವಿಗಳ ಮಾದರಿಗಳನ್ನು ಮಳೆಗಾಲಕ್ಕೆ ಮುನ್ನ ಹಾಗೂ ನಂತರ ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು. ಶೋಧಕ ತೊಳೆದ ಕೆಸರು ನೀರನ್ನು ಮತ್ತೆ ಹಳ್ಳಕ್ಕೆ ಬಿಡಕೂಡದು.